ಕೊನೆ ಎರಡು ಸಾಲು ಮುಚ್ಚಿ ಓದಿ: ದುಃಖದ ಕವಿತೆ, ಭರವಸೆ, ನನ್ನ ನೋಟ್ಸ್

"ಬದುಕಿನ ನೋವನ್ನು ಹೇಳುವ ಕವಿತೆಗಳಲ್ಲಿ ಭರವಸೆ ಹೇಗೆ ಮೂಡಿಬಂದಿದೆ, ಉದಾಹರಣೆ ಸಹಿತ ವಿವರಿಸಿ." ಕನ್ನಡ ಎಂಎ ಮಾಡೋರಿಗೆ ಈ ಥರದ ಪ್ರಶ್ನೆ ಹೊಸದೇನಲ್ಲ, ಹತ್ತು ಮಾರ್ಕ್ಸಿಗೆ ಬಂದೇ ಬರತ್ತೆ ಅಂತ ಸೀನಿಯರ್ಸ್ ಹೇಳ್ತಾರೆ, ಮತ್ತೆ ಎಲ್ಲರೂ ಬರೆಯೋ ಉತ್ತರಾನೂ ಒಂದೇ: ಕವಿ ಮೊದಲು ನೋವು ಹೇಳ್ತಾರೆ, ಕೊನೆಗೆ ಆಶಾಭಾವನೆ ವ್ಯಕ್ತಪಡಿಸ್ತಾರೆ. ಗೈಡಲ್ಲಿ ಹೀಗೇ ಇದೆ, ಯೂಟ್ಯೂಬ್ ಕ್ಲಾಸಲ್ಲೂ ಹೀಗೇ ಇದೆ. ನಮ್ಮ ಸ್ಟಡಿ ಗ್ರೂಪಲ್ಲಿ ನಾವು ನಾಲ್ಕೈದು ಜನ, ನಾನು ಅಂಕೋಲೆ, ಒಬ್ಳು ಶಿರಸಿ, ಉಳಿದವರು ಕಾರವಾರದ ಕಡೆಯವರು, ಈ ಒಂದು ಪ್ರಶ್ನೆ ಮೇಲೆ ಎಷ್ಟು ಕಿತ್ತಾಡಿದ್ವಿ ಅಂದ್ರೆ ಕೊನೆಗೆ ನೀನೇ ಬರೆದು ಹಾಕು ಮಾರಾಯ್ತಿ ಅಂದ್ರು. ತಲೇಲಿ ಬಿಸಿ ಇರೋವಾಗಲೇ ಬರೀತಿದೀನಿ.

ಕರುಣ ರಸ, ಅದರ ಸ್ಥಾಯಿ ಅಂದ್ರೆ ಮೂಲ ಭಾವ ಶೋಕ, ಬೇಡನೊಬ್ಬ ಕ್ರೌಂಚ ಪಕ್ಷಿಯನ್ನ ಕೊಂದಾಗ ವಾಲ್ಮೀಕಿ ಬಾಯಿಂದ ಶ್ಲೋಕ ಬಂದಿದ್ದು, ಇದನ್ನೆಲ್ಲ ಕಾವ್ಯಮೀಮಾಂಸೆ ಪೇಪರಿಗೆ ಓದೇ ಇರ್ತೀರಿ, ಹಾಗಾಗಿ ಬಿಡ್ತೀನಿ. ಒಂದೇ ಒಂದು ಮಾತು, ಆ ಶ್ಲೋಕ ಬೇಡನಿಗೆ ಹಾಕಿದ ಶಾಪ. ಅದರಲ್ಲಿ ಸಮಾಧಾನದ ಸಾಲು ಇಲ್ವೇ ಇಲ್ಲ. ಆದಿಕಾವ್ಯ ಶುರುವಾಗಿದ್ದೇ ಹಾಗೆ, ಅಂದ್ಮೇಲೆ ದುಃಖದ ಕವಿತೆ ಅಂದ್ರೆ ಕೊನೇಲಿ ಸಮಾಧಾನ ಇರಲೇಬೇಕು ಅನ್ನೋ ನಿಯಮ ಎಲ್ಲಿಂದ ಬಂತೋ ಗೊತ್ತಿಲ್ಲ.

ಮುಚ್ಚಿ ಓದೋ ಟ್ರಿಕ್ಕು

ಕವಿತೆಯ ಕೊನೆ ಎರಡು ಸಾಲಿನ ಮೇಲೆ ಕೈ ಇಡಿ, ಉಳಿದಿದ್ದನ್ನ ಓದಿ. ಭರವಸೆ ಆಗಲೂ ಅಲ್ಲಿ ಕಾಣ್ತಿದೆ ಅಂದ್ರೆ ಅದು ಕವಿತೆಯೊಳಗೆ ಹುಟ್ಟಿದ್ದು. ಕೈ ತೆಗೆದ ಮೇಲೆ ಮಾತ್ರ ಕಂಡರೆ ಅದನ್ನ ಮೇಲಿಂದ ತಂದು ಅಂಟಿಸಿರೋ ಚಾನ್ಸ್ ಜಾಸ್ತಿ, ಗ್ರೀಟಿಂಗ್ ಕಾರ್ಡಿನ ಕವಿತೆಗಳೆಲ್ಲ ಈ ಟೆಸ್ಟಲ್ಲಿ ಫೇಲಾಗ್ತವೆ. ಇಷ್ಟೇ ಟ್ರಿಕ್ಕು. ಇದು ಎಲ್ಲಾ ಕಡೆ ಕೆಲಸ ಮಾಡಲ್ಲ, ಒಂದು ಕಡೆ ಪೂರ್ತಿ ಕೈಕೊಡತ್ತೆ, ಆದ್ರೆ ಕೈಕೊಟ್ಟ ಜಾಗದಲ್ಲೇ ನನಗೆ ವಿಷಯ ಹೊಳೆದಿದ್ದು, ಅದನ್ನ ಬೇಂದ್ರೆ ಕವಿತೆ ಬಂದಾಗ ಹೇಳ್ತೀನಿ.

ಮೊದಲು ಎಲ್ಲರಿಗೂ ಬಾಯಿಪಾಠ ಇರೋ ಅಕ್ಕಮಹಾದೇವಿ ವಚನದ ಮೇಲೆ ಹಾಕಿ ನೋಡೋಣ.

ಬೆಟ್ಟದ ಮೇಲೊಂದು ಮನೆಯ ಮಾಡಿ
ಮೃಗಗಳಿಗಂಜಿದಡೆಂತಯ್ಯಾ?
ಸಮುದ್ರದ ತಡಿಯಲೊಂದು ಮನೆಯ ಮಾಡಿ
ನೊರೆತೆರೆಗಳಿಗಂಜಿದಡೆಂತಯ್ಯಾ?
ಸಂತೆಯೊಳಗೊಂದು ಮನೆಯ ಮಾಡಿ
ಶಬ್ದಕ್ಕೆ ನಾಚಿದಡೆಂತಯ್ಯಾ?
ಚೆನ್ನಮಲ್ಲಿಕಾರ್ಜುನದೇವ ಕೇಳಯ್ಯಾ,
ಲೋಕದೊಳಗೆ ಹುಟ್ಟಿದ ಬಳಿಕ ಸ್ತುತಿನಿಂದೆಗಳು ಬಂದಡೆ
ಮನದಲ್ಲಿ ಕೋಪವ ತಾಳದೆ ಸಮಾಧಾನಿಯಾಗಿರಬೇಕು.

ಕೊನೆ ಎರಡು ಸಾಲು ಮುಚ್ಚಿ. ಸ್ತುತಿ, ನಿಂದೆ, ಸಮಾಧಾನ ಎಲ್ಲ ಹೋಯ್ತು. ಉಳಿದಿದ್ದು ಮೂರು ಮನೆ, ಮೂರು ಪ್ರಶ್ನೆ. ನಾವೆಲ್ಲ ಈ ವಚನ ಓದೋವಾಗ "ಅಂಜಿದಡೆಂತಯ್ಯಾ" ಅನ್ನೋದರ ಮೇಲೆ ಒತ್ತು ಕೊಡ್ತೀವಿ, ಭಾಷಣದಲ್ಲೂ ಅದನ್ನೇ ಎಳೆದು ಎಳೆದು ಹೇಳ್ತಾರೆ. ಆದ್ರೆ ಮೂರು ಸಲವೂ ಅದಕ್ಕಿಂತ ಮೊದಲು ಬರೋದು "ಮನೆಯ ಮಾಡಿ". ಮನೆ ಆಗಲೇ ಕಟ್ಟಿ ಆಗಿದೆ. ಮೃಗ ಬರತ್ತೆ ಅಂತ ಗೊತ್ತು, ತೆರೆ ಬರತ್ತೆ ಅಂತ ಗೊತ್ತು, ಸಂತೆ ಅಂದ್ಮೇಲೆ ಗಲಾಟೆ ಇದ್ದೇ ಇದೆ, ಗೊತ್ತಿದ್ದೂ ಕಟ್ಟಿದಾರೆ. ಬೆಟ್ಟ ಬಿಟ್ಟು ಇಳಿದು ಬಾ ಅಂತ ವಚನ ಎಲ್ಲೂ ಹೇಳಲ್ಲ. ಹಾಗಾಗಿ ಕೊನೆ ಸಾಲಿನ ಸಮಾಧಾನ ಮುಚ್ಚಿದ್ರೂ ವಚನದ ಗಟ್ಟಿತನಕ್ಕೆ ಏನೂ ಆಗಲ್ಲ. ಪಾಸ್.

(ಶಿರಸಿಯವಳು ಮೊದಲನೇ ಮನೆ ತನ್ನದು, ಎರಡನೇದು ಕಾರವಾರದವರದ್ದು, ಮೂರನೇದು ಬಸ್‌ಸ್ಟ್ಯಾಂಡ್ ಪಕ್ಕ ಇರೋ ನಂದು ಅಂತ ಹಂಚಿಬಿಟ್ಟಳು. ಹವ್ಯಕರ ಮನೆ ಹುಡುಗಿ, ತೋಟಕ್ಕೆ ಮಂಗ ಬರೋದೇ ಅವಳ ಪ್ರಕಾರ ಮೃಗ.)

ಇಲ್ಲಿ ಎಲ್ಲರೂ ಜಾರ್ತಾರೆ: ಯಾರು, ಯಾರಿಗೆ, ಎಲ್ಲಿ ನಿಂತು

ಈ ಭಾಗ ಉದ್ದ ಆಗತ್ತೆ, ಆಗಲಿ.

2024ರ ಜುಲೈ 16ಕ್ಕೆ ನಮ್ಮ ತಾಲೂಕಿನ ಶಿರೂರಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದಿದ್ದು ನಿಮಗೆಲ್ಲ ನೆನಪಿರತ್ತೆ. ರಸ್ತೆ ಪಕ್ಕ ಇದ್ದ ಚಾ ಅಂಗಡಿ ಹೋಯ್ತು, ಜನ ಹೋದ್ರು, ಗಂಗಾವಳಿ ನದಿಗೆ ಬಿದ್ದ ಲಾರಿ ಸಿಕ್ಕಿದ್ದು ಸೆಪ್ಟೆಂಬರಲ್ಲಿ. ಆ ಟೈಮಲ್ಲಿ ಯಾರೋ ಇದೇ ವಚನಾನ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ರು. ಓದಿ ನನಗೆ ಎಂತದೋ ಆಯ್ತು. ಅಕ್ಷರ ಒಂದೂ ಬದಲಾಗಿಲ್ಲ, ಆದ್ರೆ ಗುಡ್ಡದ ಬುಡದಲ್ಲಿ ಮನೆ ಇದ್ದೋರಿಗೆ, ಈಗ ಮನೇನೂ ಇಲ್ಲದೋರಿಗೆ, "ಬೆಟ್ಟದಲ್ಲಿ ಮನೆ ಮಾಡಿ ಹೆದರಿದ್ರೆ ಹೇಗೆ" ಅಂತ ಸೋಫಾ ಮೇಲೆ ಕೂತು ಹೇಳಿದ್ರೆ ಅದಕ್ಕೆ ಭರವಸೆ ಅಂತ ಹೆಸರಿಡೋಕಾಗತ್ತಾ? ಕ್ರೂರ ಅನ್ಸತ್ತೆ. ಹಾಗಾದ್ರೆ ವಚನವೇ ಕ್ರೂರವಾ? ಅಲ್ಲ. ಅದೇ ಮಾತು ಅಕ್ಕನ ಬಾಯಲ್ಲಿ ಯಾಕೆ ಕ್ರೂರ ಅನ್ನಿಸಲ್ಲ, ಈ ಗಂಟು ಬಿಚ್ಚಿದ್ರೆ ಹತ್ತು ಮಾರ್ಕ್ಸಿನ ಪ್ರಶ್ನೆ ಅರ್ಧ ಮುಗಿದ ಹಾಗೆ.

ಮೂರು ಪ್ರಶ್ನೆ ಕೇಳ್ಬೇಕು. ಯಾರು ಹೇಳ್ತಿದಾರೆ? ಅಕ್ಕ. ಮನೆ, ಅರಮನೆ, ಕೊನೆಗೆ ಬಟ್ಟೆಯನ್ನೂ ಬಿಟ್ಟು ಹೊರಟವಳು, ಊರವರ ಮಾತನ್ನ ಮೈಮೇಲೆ ಹೊತ್ತವಳು. ಯಾರಿಗೆ ಹೇಳ್ತಿದಾಳೆ? ಕೇಳಯ್ಯಾ ಅಂತ ಕರೆದಿರೋದು ಚೆನ್ನಮಲ್ಲಿಕಾರ್ಜುನನ್ನ. ಅವನಿಗೆ ಬುದ್ಧಿ ಹೇಳೋ ಅಗತ್ಯ ಇಲ್ವಲ್ಲ, ದೇವರಿಗೆ ಯಾಕೆ ಉಪದೇಶ? ಅಂದ್ರೆ ಅವನನ್ನ ಸಾಕ್ಷಿ ಇಟ್ಕೊಂಡು ತನಗೆ ತಾನೇ ಹೇಳ್ಕೊಳ್ತಿದಾಳೆ. ಮೂರನೇದು, ಎಲ್ಲಿ ನಿಂತು? ಇದನ್ನ ಯಾವ ಗೈಡೂ ಕೇಳಲ್ಲ. ಅವಳು ನಿಂತಿರೋದು ಆ ಸಂತೆಯ ನಡುವೆಯೇ, ಗಲಾಟೆ ಅವಳ ಕಿವಿಗೆ ಬೀಳ್ತಾ ಇರೋವಾಗಲೇ. ದಡದಲ್ಲಿ ನಿಂತು ನೀರಲ್ಲಿ ಇರೋರಿಗೆ ಹೇಳ್ತಿಲ್ಲ.

ಈ ಮೂರನೇ ಪ್ರಶ್ನೆಯನ್ನ ನಾನು ಮತ್ತೆ ಮತ್ತೆ ಹೇಳೋದು ಯಾಕೆ ಅಂದ್ರೆ, ಮೊದಲ ಎರಡು ಪ್ರಶ್ನೆಗೆ ಉತ್ತರ ಸರಿ ಇದ್ರೂ ಮೂರನೇದರಲ್ಲಿ ಎಡವಿದ್ರೆ ಇಡೀ ಉತ್ತರ "ಕವಿ ನಮಗೆ ಧೈರ್ಯ ತುಂಬಿದ್ದಾರೆ" ಅನ್ನೋ ಕಡೆಗೇ ಜಾರಿ ಹೋಗತ್ತೆ. ಧೈರ್ಯ ತುಂಬೋದು ಅಂದ ತಕ್ಷಣ ತುಂಬೋನು ಮೇಲೆ, ತುಂಬಿಸ್ಕೊಳ್ಳೋನು ಕೆಳಗೆ ಆಗಿಹೋದ. ಒಳ್ಳೆ ಕವಿತೇಲಿ ಹಾಗಾಗಲ್ಲ. ಹೇಳೋರು ನೋವಿನ ಒಳಗೇ ಇರ್ತಾರೆ, ಅವರಿಗೆ ಇನ್ನೂ ದಾರಿ ಸಿಕ್ಕಿರಲ್ಲ, ಸಿಕ್ಕಿಲ್ಲ ಅಂತ ಒಪ್ಕೊಂಡೇ ಮಾತಾಡ್ತಾರೆ. ಅದಕ್ಕೇ ನಂಬಿಕೆ ಬರೋದು.

ಟ್ರಿಕ್ಕು ಕೈಕೊಟ್ಟ ಕವಿತೆ

ಬೇಂದ್ರೆಯವರ "ನೀ ಹೀಂಗ ನೋಡಬ್ಯಾಡ ನನ್ನ". ಬೇಂದ್ರೆ ದಂಪತಿಯ ಹಲವು ಮಕ್ಕಳು ಎಳೇ ವಯಸ್ಸಲ್ಲೇ ತೀರಿಕೊಂಡ್ರು, ಆ ಸಂಕಟದಿಂದಲೇ ಬಂದ ಕವಿತೆ ಇದು. ಕೂಸು ಅಲ್ಲಿ ಮಲಗಿದೆ, ಮುಂದಿನದು ದೇವರ ಚಿತ್ತ ಅಂತಿದಾನೆ ಗಂಡ, ಹೆಂಡತಿ ಅವನ ಕಡೆ ನೋಡ್ತಾಳೆ, ಆ ನೋಟ ತಡಿಯೋಕೆ ಅವನಿಗೆ ಆಗ್ತಿಲ್ಲ. ಸಿನಿಮಾ ಹಾಡಿನ ಹಾಗೆ ಪ್ರೇಮಗೀತೆ ಅಂದ್ಕೊಂಡು ಗುನುಗೋರು ಇನ್ನೂ ಇದಾರೆ, ಇರಲಿ.

ಕೊನೆ ಎರಡು ಸಾಲು ಮುಚ್ಚಿ. ಉಳಿದಿದ್ದು ಏನು? ಬಣ್ಣ ಹೋದ ತುಟಿ. ಅವಳ ಮುಖದ ಮೇಲೆ ಸಾವು ಕೈ ಸವರಿದ ಹಾಗಿರೋದು. ಹಗಲು ಆಕಾಶದಲ್ಲಿ ಹುಣ್ಣಿಮೆ ಚಂದ್ರನ ಹೆಣ ತೇಲಿ ಬಂದ ಹಾಗೆ ಕಾಣೋದು, ಕನ್ನಡದಲ್ಲಿ ಇದಕ್ಕಿಂತ ಬೆಚ್ಚಿಬೀಳಿಸೋ ಚಿತ್ರ ನಾನಂತೂ ಓದಿಲ್ಲ. ಭರವಸೆ? ಸೊನ್ನೆ. ಸರಿ, ಕೈ ತೆಗೀರಿ, ಕೊನೇಲಿ ಏನಾದ್ರೂ ಇದ್ಯಾ? ಅಲ್ಲೂ ಸಮಾಧಾನ ಇಲ್ಲ. "ಅತ್ತಾರೆ ಅತ್ತು ಬಿಡು" ಅಂತಿದೆ. ನಕ್ಕು ಯಾಕೆ ದುಃಖ ಮರೆಸ್ತೀಯ, ತುಟಿ ಕಚ್ಚಿ ಬಿಕ್ಕು ತಡೀಬೇಡ ಅಂತ ಮುಗಿಯತ್ತೆ. ಮುಚ್ಚಿದ್ರೂ ಸೊನ್ನೆ, ತೆಗೆದ್ರೂ ಸೊನ್ನೆ.

ಇಲ್ಲೇ ಜಗಳ ಆಗಿದ್ದು. ಒಬ್ರು, ಈ ಕವಿತೆ ಭರವಸೆ ಪ್ರಶ್ನೆಗೆ ಬರಲ್ಲ, ಲಿಸ್ಟಿಂದ ತೆಗೀರಿ ಅಂದ್ರು. ಇನ್ನೊಬ್ರು, ಅತ್ತು ಹಗುರಾಗೋದೇ ಭರವಸೆ ಅಂತ ಬರೀಬಹುದು ಅಂದ್ರು, ಅದು ಮನಶ್ಶಾಸ್ತ್ರದ ಉತ್ತರ ಆಯ್ತು, ಕವಿತೆಯದ್ದಲ್ಲ. ನನ್ನ ವಾದ ಬೇರೆ.

ಮೂರು ಪ್ರಶ್ನೆ ಹಾಕಿ ನೋಡಿ. ಯಾರು? ಗಂಡ. ಯಾರಿಗೆ? ಹೆಂಡತಿಗೆ. ಎಲ್ಲಿ ನಿಂತು? ಅದೇ ಕೂಸಿನ ಪಕ್ಕ, ಅದೇ ಕೂಸಿನ ಅಪ್ಪನಾಗಿ. ಸಂಸಾರ ಸಾಗರದ ಆಚೆ ದಂಡೆ ಎಲ್ಲಿದೆ ಅಂತ ತನಗೆ ಗೊತ್ತಿಲ್ಲ ಅಂತ ಮೊದಲೇ ಹೇಳಿಬಿಡ್ತಾನೆ. ಮದುವೇಲಿ ಧಾರೆ ನೀರಲ್ಲಿ ನೆನೆದ ಕೈಯನ್ನ ಅವಳು ಇನ್ನೂ ಬಿಡ್ತಾ ಇಲ್ಲ, ಅದಕ್ಕೂ ಅವನ ಹತ್ರ ಉತ್ತರ ಇಲ್ಲ, ನನ್ನನ್ನೇನು ದೇವರು ಅಂದ್ಕೊಂಡಿದೀಯಾ ಅಂತಾನೆ. ಅಂದ್ರೆ ಗಂಡ ಅನ್ನೋ ಪಟ್ಟದಿಂದ, ಕಾಪಾಡೋನು ಅನ್ನೋ ಪಟ್ಟದಿಂದ ಇಳಿದು ಬಂದಿದಾನೆ.

ಈಗ ಆ ನಗು ನೋಡಿ. ಕವಿತೇಲಿ ಭರವಸೆಯ ಮುಖವಾಡ ಹಾಕ್ಕೊಂಡಿರೋದು ಯಾವುದು? ಅವಳ ನಗು. ಒಳಗೆ ಮಳೆ ಕಟ್ಟಿ ನಿಂತಿದೆ, ಮೇಲೆ ಹುಚ್ಚು ನಗೆ. ಗಂಡನಿಗೋಸ್ಕರ ಗಟ್ಟಿಯಾಗಿರೋ ಹಾಗೆ ನಟಿಸ್ತಿದಾಳೆ. ನಮ್ಮ ಗೈಡುಗಳು ಕವಿತೆಯ ಕೊನೇಲಿ ಹುಡುಕೋ ಆಶಾಭಾವನೆ ಇದೆಯಲ್ಲ, ಅದೇ ಇದು, ಮತ್ತೆ ಬೇಂದ್ರೆ ಅದನ್ನೇ ಬೇಡ ಅಂತಿದಾರೆ. ಆ ಸುಳ್ಳು ನಗು ಬಿದ್ದುಹೋದ ಮೇಲೆ ಏನುಳಿಯತ್ತೆ? ಅಳೋ ಇಬ್ಬರು. ಒಬ್ಬರ ಎದುರು ಒಬ್ಬರು.

ಹಾಡೋವಾಗ ನುಡಿ ಮುಗಿದ ಮೇಲೆ ಪಲ್ಲವಿಗೆ ವಾಪಸ್ ಬರ್ತೀವಲ್ಲ, ಹಾಗಾಗಿ "ಅತ್ತು ಬಿಡು" ಅಂದ ಮೇಲೆ ಕಿವಿಗೆ ಬೀಳೋದು ಮತ್ತೆ ಮೊದಲನೇ ಸಾಲು, ನೀ ಹೀಂಗ ನೋಡಬ್ಯಾಡ, ನೀನು ಹೀಗೆ ನೋಡಿದ್ರೆ ನಾನು ತಿರುಗಿ ನಿನ್ನನ್ನ ಹೇಗೆ ನೋಡಲಿ ಅನ್ನೋದು. ಮೊದಲ ಸಲ ಓದಿದಾಗ ಅದು ತಪ್ಪಿಸ್ಕೊಳ್ಳೋ ಮಾತು, ನೋಡ್ಬೇಡ ಅನ್ನೋದು. ಕೊನೇಲಿ ಕೇಳಿದಾಗ ಅದರ ಒಳಗಿರೋ ಇನ್ನೊಂದು ಆಸೆ ಕೇಳತ್ತೆ, ನಾನು ನಿನ್ನನ್ನ ನೋಡ್ಬೇಕು, ನೋಡೋ ಹಾಗೆ ಮಾಡು. ಅವಳಿಂದ ಮುಖ ತಿರುಗಿಸಿ ಎದ್ದು ಹೋಗೋದು ಸುಲಭ ಇತ್ತು. ಅವನು ಕೇಳ್ತಿರೋದು ತಿರುಗಿ ನೋಡೋದು ಹೇಗೆ ಅಂತ. ನನ್ನ ಪ್ರಕಾರ ಭರವಸೆ ಇರೋದು ಅಲ್ಲಿ, ಮೊದಲನೇ ಸಾಲಲ್ಲೇ, ಕವಿತೆ ಪೂರ್ತಿ ಓದಿ ಬಂದ ಮೇಲೆ ಮಾತ್ರ ಕಾಣೋ ಹಾಗೆ.

ಹಾಗಾಗಿ ಟ್ರಿಕ್ಕಿಗೆ ಒಂದು ತಿದ್ದುಪಡಿ: ಮುಚ್ಚಿದಾಗ ಏನೂ ಸಿಗದಿದ್ರೆ, ಕೊನೆ ಸಾಲು ಓದಿದ ತಕ್ಷಣ ಮೊದಲನೇ ಸಾಲನ್ನ ಇನ್ನೊಂದ್ಸಲ ಓದಿ. ಭಾವಗೀತೆಗಳಿಗೆ ಇದು ಚೆನ್ನಾಗಿ ಕೆಲಸ ಮಾಡತ್ತೆ.

ಠಾಕೂರರು, ನಮ್ಮ ಕಾರವಾರ

ತೌಲನಿಕ ಪೇಪರ್, ಅಂದ್ರೆ ಬೇರೆ ಭಾಷೆ ಸಾಹಿತ್ಯದ ಜೊತೆ ಹೋಲಿಸಿ ಬರೆಯೋ ಪೇಪರ್ ಇರೋರಿಗೆ ಇದು ಬೇಕಾಗತ್ತೆ. ರವೀಂದ್ರನಾಥ ಠಾಕೂರರು 1883ರಲ್ಲಿ ಕಾರವಾರಕ್ಕೆ ಬಂದಿದ್ರು, ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ಜಡ್ಜ್. ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯ ಮೇಲ್ಗಡೆ ಹೋಗಿದ್ದು, ವಾಪಸ್ ಬರ್ತಾ ನದಿ ಸಮುದ್ರ ಸೇರೋ ಕಡೆ ಇಳಿದು ಮರಳಲ್ಲಿ ನಡೆದು ಮನೆ ಸೇರಿದ್ದು, ಎಲ್ಲ ಅವರೇ ನೆನಪಿಸ್ಕೊಂಡು ಬರೆದಿದಾರೆ. "ಪ್ರಕೃತಿರ್ ಪ್ರತಿಶೋಧ್" ನಾಟಕ ಬರೆದಿದ್ದು ಇಲ್ಲೇ. ಅದರಲ್ಲಿ ಒಬ್ಬ ಸಂನ್ಯಾಸಿ ಎಲ್ಲ ಬಂಧ ಕಡಿದುಕೊಂಡು ಪ್ರಕೃತಿಯನ್ನೇ ಗೆಲ್ಲೋಕೆ ಹೊರಟಿರ್ತಾನೆ, ಒಂದು ಪುಟ್ಟ ಹುಡುಗಿಯ ಪ್ರೀತಿ ಅವನನ್ನ ಈ ಲೋಕಕ್ಕೆ ಎಳೆದು ತರತ್ತೆ. ಬೀಚಿಗೆ ಅವರ ಹೆಸರಿದೆ ಅಂತ ನಾವೆಲ್ಲ ಹೆಮ್ಮೆಯಿಂದ ಹೇಳ್ತೀವಿ, ನಾಟಕ ಓದಿದೋರು ಮಾತ್ರ ಬೆರಳೆಣಿಕೆ.

ಆಗ ಅವರಿಗೆ ಇಪ್ಪತ್ತೆರಡರ ಹತ್ತಿರ ವಯಸ್ಸು. ನೋವಿನ ಕಂತು ಶುರುವಾಗಿದ್ದು ಆಮೇಲೆ. ಮರುವರ್ಷವೇ ಅತ್ತಿಗೆ ಕಾದಂಬರಿ ದೇವಿ ತೀರಿಕೊಂಡ್ರು. 1902ಕ್ಕೆ ಹೆಂಡತಿ ಮೃಣಾಲಿನಿ, 1903ಕ್ಕೆ ಮಗಳು ರೇಣುಕಾ, 1905ಕ್ಕೆ ಅಪ್ಪ, 1907ಕ್ಕೆ ಚಿಕ್ಕ ಮಗ ಶಮೀಂದ್ರ. ಬಂಗಾಳಿ ಗೀತಾಂಜಲಿ ಪುಸ್ತಕವಾಗಿ ಬಂದಿದ್ದು 1910ರಲ್ಲಿ. ಅದರಲ್ಲೊಂದು ಪ್ರಾರ್ಥನೆ ಇದೆ, "ಬಿಪದೇ ಮೋರೇ ರಕ್ಷಾ ಕರೋ" ಅಂತ ಶುರುವಾಗತ್ತೆ. ಮೊದಲ ನಾಲ್ಕು ಪದ ಕೇಳಿದ್ರೆ ಕಷ್ಟದಲ್ಲಿ ನನ್ನನ್ನ ಕಾಪಾಡು ಅಂತ ಅನ್ಸತ್ತೆ, ಹಿಂದೆನೇ ಬರತ್ತೆ, ಇದು ನನ್ನ ಪ್ರಾರ್ಥನೆ ಅಲ್ಲ, ಕಷ್ಟದಲ್ಲಿ ನಾನು ಹೆದರದೇ ಇರೋ ಹಾಗಾಗಲಿ ಅಂತ. ನನ್ನ ಹೊರೆ ಹಗುರ ಮಾಡಿ ಸಾಂತ್ವನ ಹೇಳದಿದ್ರೂ ಪರವಾಗಿಲ್ಲ, ಹೊರೋ ಹಾಗಾಗಲಿ ಅಂತ ಮುಂದುವರಿಯತ್ತೆ.

ಮುಚ್ಚಿ ಓದೋ ಟೆಸ್ಟಿಗೆ ಇದು ಆರಾಮಾಗಿ ಪಾಸ್, ಮೊದಲ ಸಾಲಿಂದಲೇ ನಿಲುವು ಸ್ಪಷ್ಟ ಇದೆ. ನನಗೆ ಇಷ್ಟ ಆಗಿದ್ದು ಕೊನೆ. ಅಲ್ಲಿ ಇನ್ನೂ ಗಟ್ಟಿ ಮಾತು ಬರತ್ತೆ ಅಂದ್ಕೊಂಡ್ರೆ ಉಲ್ಟಾ, ದುಃಖದ ರಾತ್ರಿಯಲ್ಲಿ ಇಡೀ ಜಗತ್ತೇ ಮೋಸ ಮಾಡಿದ ದಿನ ನಿನ್ನ ಮೇಲೆ ನನಗೆ ಸಂಶಯ ಬಾರದಿರಲಿ ಅಂತಾರೆ. ಸಂಶಯ ಬರಬಹುದು ಅನ್ನೋ ಭಯ ಇದ್ದವರು ಮಾತ್ರ ಹಾಗೆ ಕೇಳೋದು. ಯಾರು, ಯಾರಿಗೆ, ಎಲ್ಲಿ ನಿಂತು ಅನ್ನೋದಕ್ಕೆ ಉತ್ತರ ಆ ಒಂದೇ ಸಾಲಲ್ಲಿ ಸಿಗತ್ತೆ.

ಒಂದು ಎಚ್ಚರಿಕೆ, ಮೇಲಿನ ಸಾವುಗಳ ಇಸವಿ ಎಲ್ಲ ಉತ್ತರದಲ್ಲಿ ತುಂಬಬೇಡಿ. ಕವಿಗೆ ನೋವಾಗಿತ್ತು, ಆದ್ದರಿಂದ ಕವಿತೆ ಚೆನ್ನಾಗಿದೆ ಅಂತ ಬರೆದ್ರೆ ಅದು ವಿಮರ್ಶೆ ಆಗಲ್ಲ. ಒಂದು ವಾಕ್ಯ ಸಾಕು.

ದಿನಕರ ದೇಸಾಯಿ, ಇವರನ್ನ ಬಿಟ್ಟು ಹೇಗೆ

ಊರಿನ ಅಭಿಮಾನ ಅನ್ಕೊಂಡ್ರೂ ಅಡ್ಡಿಯಿಲ್ಲ. 1909ರಲ್ಲಿ ಅಂಕೋಲೆ ಹತ್ತಿರದ ಅಲಗೇರಿಯಲ್ಲಿ ಹುಟ್ಟಿದೋರು, ರೈತ ಚಳವಳಿ ಕಟ್ಟಿದ್ದಕ್ಕೆ ಬ್ರಿಟಿಷರು ಜಿಲ್ಲೆಯಿಂದಲೇ ಗಡಿಪಾರು ಮಾಡಿದ್ರು, 1953ಕ್ಕೆ ಕೆನರಾ ವೆಲ್‌ಫೇರ್ ಟ್ರಸ್ಟ್ ಶುರು ಮಾಡಿ ಊರೂರಿಗೆ ಶಾಲೆ ಕಟ್ಟಿದ್ರು, 1967ಕ್ಕೆ ಎಂಪಿ ಆದ್ರು. ಸಿಲಬಸ್ಸಲ್ಲಿ ಮಾತ್ರ ಚುಟುಕ ಬ್ರಹ್ಮ ಅಂತ ಒಂದು ಸಾಲಲ್ಲಿ ಮುಗಿಸ್ತಾರೆ. ಅವರ "ನನ್ನ ದೇಹದ ಬೂದಿ" ಕವಿತೇನ ಈ ಪ್ರಶ್ನೆಗೆ ಯಾಕೆ ಯಾರೂ ತಗೊಳ್ಳಲ್ಲ ಅಂತ ನನಗೆ ಆಶ್ಚರ್ಯ.

ನುಡಿ ಮೂರು. ಸತ್ತ ಮೇಲೆ ನನ್ನ ಬೂದಿಯನ್ನ ಗಾಳಿಗೆ ತೂರಿ, ಭತ್ತ ಬೆಳೆಯೋ ಕಡೆ ಹೋಗಿ ಬೀಳಲಿ, ಗೊಬ್ಬರವಾಗಿ ಒಂದು ತೆನೆ ಎದ್ದು ಬರಲಿ. ಹೊಳೆಗೆ ಬಿಡಿ, ಮೀನು ಹಿಡಿಯೋ ಕಡೆ ತೇಲಿ ಹೋಗಲಿ, ಮೀನು ತಿಂದು ಪುಷ್ಟವಾಗಲಿ. ಕೊಳಕ್ಕೆ ಹಾಕಿ, ಕೆಸರು ಸೇರಿ ತಾವರೆ ಅರಳಲಿ. ಪ್ರತಿ ನುಡಿಯೂ "ಧನ್ಯವಾಯಿತು ಹುಟ್ಟು ಸಾವಿನಲ್ಲಿ" ಅಂತ ಮುಗಿಯತ್ತೆ. ಗದ್ದೆ ಮತ್ತೆ ಹೊಳೆ ಎರಡೂ ಬಂದಿದೆ ನೋಡಿ, ಅನ್ನ ಮತ್ತೆ ಮೀನು, ನಮ್ಮ ಕರಾವಳಿ ಊಟದ ಎಲೆಯೇ ಆಯ್ತು. ತಾವರೆ ಮೂರನೇದು, ಹೊಟ್ಟೆ ತುಂಬಿದ ಮೇಲೆ.

ಧನ್ಯವಾಯಿತು ಸಾಲನ್ನ ಮೂರೂ ಕಡೆ ಮುಚ್ಚಿಬಿಡಿ. ಕವಿತೆ ನಿಲ್ಲತ್ತಾ? ನಿಲ್ಲತ್ತೆ, ತೆನೆ ಮೀನು ತಾವರೆ ಮೂರೂ ಅಲ್ಲೇ ಇದೆ. ಇನ್ನು ಯಾರು, ಯಾರಿಗೆ, ಎಲ್ಲಿ ನಿಂತು. ಇಲ್ಲಿ ಮಜಾ ಇದೆ. ಹೇಳ್ತಿರೋನು ಸಾಯೋನು. ಕೇಳ್ತಿರೋರು "ತೂರಿಬಿಡಿ" ಅನ್ನಿಸ್ಕೊಳ್ಳೋರು, ಅಂದ್ರೆ ಉಳಿದೋರು, ಅಳೋರು. ಸಾಮಾನ್ಯವಾಗಿ ಸಾವಿನ ಮನೆಯಲ್ಲಿ ಉಳಿದೋರಿಗೆ ಬೇರೆಯವರು ಬಂದು ಸಮಾಧಾನ ಹೇಳ್ತಾರೆ. ಇಲ್ಲಿ ಸಾಯೋನೇ ಅವರಿಗೆ ಕೆಲಸ ಹಚ್ಚಿ ಹೋಗ್ತಾನೆ. ಅಳಬೇಡಿ ಅಂತ ಒಂದು ಕಡೆಯೂ ಇಲ್ಲ. ಗದ್ದೆಗೆ ಹೋಗಿ, ಹೊಳೆಗೆ ಹೋಗಿ, ಕೊಳಕ್ಕೆ ಹೋಗಿ ಅಂತಿದೆ ಅಷ್ಟೇ. ಮನೇಲಿ ಸಾವಾದಾಗ ನೋಡಿದೋರಿಗೆ ಗೊತ್ತಿರತ್ತೆ, ಕಾಲು ಕೈ ಓಡಾಡೋ ಹಾಗೆ ಏನೋ ಒಂದು ಕೆಲಸ ಇರೋದು ಎಷ್ಟು ದೊಡ್ಡ ಆಸರೆ ಅಂತ.

ಆತ್ಮ, ಪುನರ್ಜನ್ಮ, ಸ್ವರ್ಗ ಯಾವುದೂ ಕವಿತೇಲಿ ಇಲ್ಲ ಅನ್ನೋದನ್ನೂ ಬರೀರಿ. ದೇವರನ್ನ ನಂಬೋ ಠಾಕೂರರ ಪ್ರಾರ್ಥನೆ ಒಂದು ಕಡೆ, ಬೂದಿ ಗೊಬ್ಬರ ಆಗತ್ತೆ ಅನ್ನೋ ಲೆಕ್ಕಾಚಾರದ ದೇಸಾಯರು ಇನ್ನೊಂದು ಕಡೆ, ಈ ಎರಡನ್ನ ಪಕ್ಕ ಪಕ್ಕ ಇಟ್ರೆ ತೌಲನಿಕ ಉತ್ತರ ರೆಡಿ.

ಬೇಗ ಬೇಗ ಉಳಿದಿದ್ದು

ಪುರಂದರದಾಸರ "ಈ‌ಸಬೇಕು ಇದ್ದು ಜೈಸಬೇಕು". ಮೊದಲ ಸಾಲಿನ ಮೇಲೆ ಕಣ್ಣಿಟ್ಟು ಇದನ್ನ ಛಲದ ಹಾಡು ಅಂತ ಬರೀತಾರೆ, ಎರಡನೇ ಸಾಲಲ್ಲಿ ದಾಸರು ಸಂಸಾರವನ್ನ ಹೇಸಿಗೆ ಅಂತಾರೆ, ಲೇಶವೂ ಆಸೆ ಇಡಬೇಡ ಅಂತಾರೆ. ಹಾಗಾದ್ರೆ ಗೆಲ್ಲೋದು ಯಾಕೆ? ಅವರದ್ದೇ ಉಪಮೆ ಇದೆ, ಗೇರುಹಣ್ಣಿನಲ್ಲಿ ಬೀಜ ಸೇರಿದ ಹಾಗೆ ಸಂಸಾರದಲ್ಲಿರು. ಬಯಲುಸೀಮೆ ಫ್ರೆಂಡ್ಸಿಗೆ ಇದು ವಿವರಿಸ್ಬೇಕಾಗತ್ತೆ, ನಮ್ಮ ಕಡೆಯೋರಿಗೆ ಬೇಡ, ಗೇರುಬೀಜ ಹಣ್ಣಿನ ಹೊರಗೆ ನೇತಾಡ್ತಾ ಇರತ್ತೆ, ಹಣ್ಣಿಗೆ ಅಂಟಿಕೊಂಡೂ ಹಣ್ಣೊಳಗಿಲ್ಲ. ನೀರು ಬಿಟ್ಟು ಓಡು ಅನ್ನಲ್ಲ ದಾಸರು, ನೀರಲ್ಲೇ ಇದ್ದು ಈಜು ಅಂತಾರೆ. ಇದನ್ನ ಅಕ್ಕನ ಮೂರು ಮನೆ ಜೊತೆ ಜೋಡಿಸಿ.

ಡಿವಿಜಿಯವರ "ಮಂಕುತಿಮ್ಮನ ಕಗ್ಗ", 1943. "ಕಲ್ಲಾಗು ಕಷ್ಟಗಳ ಮಳೆಯ ವಿಧಿ ಸುರಿಯೆ". ಆಗು ಆಗು ಆಗು ಅಂತ ಬರೋದ್ರಿಂದ ಪಕ್ಕಾ ಉಪದೇಶ, ನಮ್ಮ ಮೂರನೇ ಪ್ರಶ್ನೆಯಲ್ಲಿ ಫೇಲ್ ಅಂತ ಶಿರಸಿಯವಳ ವಾದ. ಆದ್ರೆ ಪದ್ಯದ ಕೊನೇ ಪದ ನೋಡಿ, ಮಂಕುತಿಮ್ಮ. ಕರೆದಿರೋದು ಅವನನ್ನ, ಮತ್ತೆ ಆ ಮಂಕ ಬೇರೆ ಯಾರೋ ಅಲ್ಲ, ಹೇಳೋನೇ. ಇಲ್ಲಿ ಮಾತ್ರ ಕೊನೆ ಸಾಲು ಮುಚ್ಚಬಾರದು, ಮುಚ್ಚಿದ್ರೆ ಅವಳು ಹೇಳಿದ ಹಾಗೆ ಬರೀ ಉಪದೇಶ ಆಗಿಬಿಡತ್ತೆ! ಮತ್ತೆ ಕಲ್ಲು ಅಂದ್ರೆ ಮನಸ್ಸು ಸತ್ತು ಹೋಗೋದು ಅಂತ ಬರೀಬೇಡಿ, ಅದೇ ಪದ್ಯದಲ್ಲಿ ಮಲ್ಲಿಗೆಯಾಗು, ದೀನರಿಗೆ ಬೆಲ್ಲವಾಗು ಅಂತಾನೂ ಇದೆ. ನನಗೆ ಇಲ್ಲಿ ನೆನಪಾಗೋದು ನಮ್ಮ ಕಡೆ ಮನೆ ಕಟ್ಟೋ ಕೆಂಪು ಚಿರೇಕಲ್ಲು, ನೆಲದಿಂದ ಕಡಿದು ತೆಗಿಯೋವಾಗ ಮೆತ್ತಗಿರತ್ತೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗೋದು. ಎಕ್ಸಾಮಲ್ಲಿ ಇದನ್ನ ಬರೆದ್ರೆ ಬೆಂಗಳೂರಿನ ವ್ಯಾಲ್ಯೂಯೇಟರ್ ಏನಂತಾರೋ, ರಿಸ್ಕ್ ನಿಮ್ಮದು.

ಜನಪದ ಕೇಳಿದ್ರೆ ಸುಕ್ರಿ ಬೊಮ್ಮಗೌಡರ ಹೆಸರು ಬರೀಲೇಬೇಕು. ಅಂಕೋಲೆ ಬಡಗೇರಿಯ ಹಾಲಕ್ಕಿ ಸಮುದಾಯದ ಹಾಡುಗಾರ್ತಿ, 2017ರಲ್ಲಿ ಪದ್ಮಶ್ರೀ, 2025ರ ಫೆಬ್ರವರಿಯಲ್ಲಿ ತೀರಿಕೊಂಡ್ರು. ಚಿಕ್ಕ ವಯಸ್ಸಲ್ಲೇ ಗಂಡನನ್ನ ಕಳ್ಕೊಂಡೋರು, ಸಾಕಿದ ಮಗ ಸಾರಾಯಿಗೆ ಬಲಿಯಾದ, ಆಮೇಲೆ ಸಾರಾಯಿ ವಿರುದ್ಧ ಹೆಂಗಸರನ್ನ ಕಟ್ಟಿಕೊಂಡು ಹೋರಾಡಿದೋರು. ಇವರ ವಿಷಯದಲ್ಲಿ ಮುಚ್ಚಿ ಓದೋ ಟ್ರಿಕ್ಕು ನಡಿಯಲ್ಲ, ಹಾಳೆ ಮೇಲಿದ್ರೆ ತಾನೇ ಮುಚ್ಚೋದು. ಯಾರು ಯಾರಿಗೆ ಅನ್ನೋದೂ ಕಲಸಿಹೋಗತ್ತೆ, ನಾಟಿಗೋ ಮದುವೆಗೋ ಗುಂಪಾಗಿ ಹಾಡೋ ಹಾಡಲ್ಲಿ ಒಬ್ಬಳ ಸಂಕಟ ಎಲ್ಲರ ಬಾಯಲ್ಲಿ ಇರತ್ತೆ, ಹೇಳೋಳು ಕೇಳೋಳು ಇಬ್ಬರೂ ಒಂದೇ ಸಾಲಲ್ಲಿ ನಿಂತಿರ್ತಾರೆ. ಎಲ್ಲಿ ನಿಂತು ಅನ್ನೋದಕ್ಕೆ ಉತ್ತರ ಗದ್ದೆ ಕೆಸರು ಅಂತ ಬರೆದ್ರೂ ತಪ್ಪಾಗಲ್ಲ.

ಉತ್ತರ ಬರೆಯೋವಾಗ

ಐದು ಕವಿತೆ ತುರುಕಬೇಡಿ, ಎರಡು ಸಾಕು. ನನ್ನ ಆಯ್ಕೆ ಬೇಂದ್ರೆ ಮತ್ತೆ ದೇಸಾಯಿ, ಯಾಕಂದ್ರೆ ಒಂದು ಕಡೆ ಭರವಸೆ ಮೊದಲ ಸಾಲಲ್ಲಿ ಅಡಗಿದೆ, ಇನ್ನೊಂದು ಕಡೆ ಕೆಲಸವಾಗಿ ಹರಡಿದೆ, ಎರಡರಲ್ಲೂ "ಎಲ್ಲ ಸರಿಹೋಗತ್ತೆ" ಅನ್ನೋ ಮಾತಿಲ್ಲ. ಸಾಲುಗಳನ್ನ ಬಾಯಿಪಾಠ ಒಪ್ಪಿಸೋದಕ್ಕಿಂತ ಒಂದೊಂದು ಸಾಲು ಹಿಡ್ಕೊಂಡು ಯಾರು ಯಾರಿಗೆ ಎಲ್ಲಿ ನಿಂತು ಅಂತ ಬಿಡಿಸಿ. ಆಶಾವಾದ ಅನ್ನೋ ಪದ ಉತ್ತರದಲ್ಲಿ ಎಷ್ಟು ಕಮ್ಮಿ ಬಂದ್ರೆ ಅಷ್ಟು ಒಳ್ಳೇದು.

ಪ್ರಾಕ್ಟೀಸಿಗೆ ಜಿಎಸ್‌ಎಸ್ (ಜಿ. ಎಸ್. ಶಿವರುದ್ರಪ್ಪ) ಅವರ "ಕಾಣದ ಕಡಲಿಗೆ ಹಂಬಲಿಸಿದೆ ಮನ" ತಗೊಳ್ಳಿ. ಅಲ್ಲಿ ಮಾತಾಡ್ತಿರೋದು ಕಡಲನ್ನ ಇನ್ನೂ ಕಾಣದ ಮನಸ್ಸು, ಕಾಣಬಲ್ಲೆನೆ, ಕೂಡಬಲ್ಲೆನೆ ಅಂತ ಉದ್ದಕ್ಕೂ ಪ್ರಶ್ನೆ, ಕೊನೆವರೆಗೂ ಪ್ರಶ್ನೆ. ಮುಚ್ಚಿದ್ರೂ ಪ್ರಶ್ನೆ, ತೆಗೆದ್ರೂ ಪ್ರಶ್ನೆ. ದಿನಾ ಕಡಲು ನೋಡೋ ನಮಗೆ ಆ ಹಂಬಲ ಅರ್ಥ ಆಗೋದು ಕಷ್ಟ ಅಂತ ಶಿರಸಿಯವಳು ಅಂದಿದಾಳೆ, ಅದಕ್ಕೆ ಈ ಕವಿತೆಯ ನೋಟ್ಸ್ ಅವಳೇ ಬರೀಬೇಕು ಅಂತ ಗ್ರೂಪಲ್ಲಿ ಎಲ್ಲರೂ ಸೇರಿ ತೀರ್ಮಾನ ಮಾಡಿದೀವಿ.